ಬಿಳಿಯ ಬೆಳಕಿನ ದೇವಾಲಯ: ಬ್ಲೈತ್‌ಬರ್ಗ್ ಚರ್ಚಿನ ವಾಸ್ತುವನ್ನು ಕುರಿತು

ದೇವಾಲಯಕ್ಕೆ ನಾವು ಹೋಗುವುದು ಪ್ರಾರ್ಥಿಸುವುದಕ್ಕೆ, ಕಟ್ಟಡವನ್ನು ನೋಡುವುದಕ್ಕಲ್ಲ. ಆದರೂ ಪ್ರಾರ್ಥನೆ ಮುಗಿಸಿ ಕಣ್ಣು ತೆರೆದಾಗ ಮೊದಲು ಕಾಣುವುದು ಗೋಡೆ, ಕಿಟಕಿ, ಚಾವಣಿಗಳೇ. ಬಾಲ್ಯದಿಂದ ಭಾನುವಾರವೂ ಹಬ್ಬದ ದಿನವೂ ಅವೇ ನಮ್ಮ ಕಣ್ಣೆದುರು ಇರುತ್ತವೆ. ನಮಗೆ ತಿಳಿಯದಂತೆಯೇ ಅವು ನಮ್ಮ ಭಕ್ತಿಗೆ ಒಂದು ಆಕಾರವನ್ನು ಕೊಟ್ಟಿರುತ್ತವೆ. ಆದ್ದರಿಂದ ಒಂದು ದೇವಾಲಯವನ್ನು ಕಟ್ಟಡವಾಗಿ ವಿಮರ್ಶಿಸುವುದು ಭಕ್ತಿಗೆ ಹೊರತಾದ ಕೆಲಸವೇನಲ್ಲ. ಅದನ್ನು ಕಟ್ಟಿದವರು ದೇವರನ್ನು ಹೇಗೆ ಭಾವಿಸಿದ್ದರು, ಆಮೇಲೆ ಬಂದವರು ಅದನ್ನು ಹೇಗೆ ನಡೆಸಿಕೊಂಡರು ಎಂಬ ಎರಡೂ ಸಂಗತಿಗಳನ್ನು ಆ ಕಲ್ಲುಮರಗಳು ಹೇಳುತ್ತವೆ.

ಇಂಥ ಓದಿಗೆ ಇಂಗ್ಲೆಂಡಿನ ಪೂರ್ವ ಕರಾವಳಿಯ ಸಫೋಕ್ ಪ್ರಾಂತ್ಯದಲ್ಲಿರುವ ಬ್ಲೈತ್‌ಬರ್ಗ್ ಗ್ರಾಮದ ಚರ್ಚನ್ನು ಆರಿಸಿಕೊಂಡಿದ್ದೇನೆ. ಬರೆಯುವಾಗ ಬ್ಲೈತ್‌ಬರ್ಗ್ ಎಂದಿದ್ದರೂ ಊರಿನವರು ಅದನ್ನು ‘ಬ್ಲೈಬ್ರ’ ಎಂದೇ ಉಚ್ಚರಿಸುತ್ತಾರೆ. ಇದು ಧರ್ಮಾಧ್ಯಕ್ಷರ ಪೀಠವಿರುವ ಮಹಾದೇವಾಲಯವಲ್ಲ, ಪರಮ ತ್ರಿತ್ವಕ್ಕೆ ಸಮರ್ಪಿತವಾದ ಒಂದು ಧರ್ಮಕೇಂದ್ರದ ದೇವಾಲಯ. ಇಂದು ಊರಿನಲ್ಲಿರುವವರು ಕೆಲವೇ ನೂರು ಜನ. ಆದರೆ ಅದರ ಗಾತ್ರವನ್ನು ಕಂಡವರು ಅದಕ್ಕೆ ‘ಜೌಗುಭೂಮಿಯ ಕೆಥೀಡ್ರಲ್’ ಎಂಬ ಅಡ್ಡಹೆಸರನ್ನೇ ಇಟ್ಟಿದ್ದಾರೆ. ಸಫೋಕ್ ಒಂದರಲ್ಲೇ ಮಧ್ಯಯುಗದ ಚರ್ಚುಗಳು ಸುಮಾರು ಐನೂರು ಉಳಿದಿವೆ. ಅವುಗಳಲ್ಲಿ ಇದಕ್ಕಿಂತ ಎತ್ತರವಾದವು, ಇದಕ್ಕಿಂತ ಪೂರ್ಣವಾಗಿ ಉಳಿದವು ಉಂಟು. ಅವೆಲ್ಲವನ್ನೂ ಬಿಟ್ಟು ಇದನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ನಾವು ಇಂದು ಈ ಚರ್ಚಿನಲ್ಲಿ ಯಾವುದನ್ನು ಬಹುವಾಗಿ ಮೆಚ್ಚುತ್ತೇವೆಯೋ ಅದನ್ನು ಅದರ ನಿರ್ಮಾಪಕರು ಕಟ್ಟಿರಲೇ ಇಲ್ಲ. ಈ ವಿಚಿತ್ರವನ್ನು ಬಿಡಿಸಿ ನೋಡುವುದೇ ಈ ಬರಹದ ಉದ್ದೇಶ.

ಜೌಗುಭೂಮಿಯ ನಡುವೆ

ಬ್ಲೈತ್ ನದಿ ಸಮುದ್ರ ಸೇರುವುದಕ್ಕೆ ಮುನ್ನ ಇಲ್ಲಿ ಅಗಲವಾಗಿ ಹರಡಿಕೊಳ್ಳುತ್ತದೆ. ಉಬ್ಬರ ಬಂದಾಗ ಎಲ್ಲೆಲ್ಲೂ ನೀರು. ಇಳಿತದಲ್ಲಿ ಹೊಳೆಯುವ ಕೆಸರು ಮತ್ತು ಆಪು ಹುಲ್ಲು. ಸುತ್ತಲೂ ನೆಲ ಚಪ್ಪಟೆ. ಅದರ ಅಂಚಿನ ಸಣ್ಣದೊಂದು ದಿಬ್ಬದ ಮೇಲೆ ಚರ್ಚು ನಿಂತಿದೆ. ನಮ್ಮಲ್ಲಿ ಗಾಥಿಕ್ ಶೈಲಿ ಎಂದೊಡನೆ ಮೈಸೂರಿನ ಸಂತ ಫಿಲೋಮಿನಾ ದೇವಾಲಯದ ಜೋಡಿ ಶಿಖರಗಳು ಮನಸ್ಸಿಗೆ ಬರುತ್ತವೆ. ಆಕಾಶವನ್ನು ಚುಚ್ಚುವಂತೆ ಏರುವುದೇ ಆ ಶೈಲಿಯ ಲಕ್ಷಣವೆಂದು ಭಾವಿಸುತ್ತೇವೆ. ಬ್ಲೈತ್‌ಬರ್ಗ್‌ನಲ್ಲಿ ಶಿಖರವಿಲ್ಲ. ಇಲ್ಲಿ ಮುಖ್ಯವಾದದ್ದು ಅಡ್ಡಗೆರೆ. ಜೌಗಿನ ಅಡ್ಡಗೆರೆಯ ಮೇಲೆ ಚಾವಣಿಯ ಇನ್ನೊಂದು ಅಡ್ಡಗೆರೆ. ಇವೆರಡರ ನಡುವೆ ಗಾಜಿನ ಉದ್ದನೆಯ ಸಾಲು. ದೂರದಿಂದ ನೋಡಿದವರಿಗೆ ಅದು ದಡಕ್ಕೆ ಬಂದು ನಿಂತ ಹಡಗಿನಂತೆ ತೋರುತ್ತದೆ.

ಹಡಗಿನ ಹೋಲಿಕೆ ಇಲ್ಲಿ ಕೇವಲ ಅಲಂಕಾರವಲ್ಲ. ಮಧ್ಯಯುಗದಲ್ಲಿ ಬ್ಲೈತ್‌ಬರ್ಗ್ ಒಂದು ಬಂದರು. ಮೀನುಗಾರಿಕೆ, ವ್ಯಾಪಾರ, ಸಂತೆ ಎಲ್ಲವೂ ಇದ್ದವು. ಸಂತ ಅಗಸ್ಟೀನರ ನಿಯಮವನ್ನು ಅನುಸರಿಸುತ್ತಿದ್ದ ಗುರುಗಳ ಮಠವೊಂದು ಅಲ್ಲಿತ್ತು. ಚರ್ಚು ಅದರ ಅಧೀನದಲ್ಲಿತ್ತು. 1412ರಲ್ಲಿ ದೊರೆ ನಾಲ್ಕನೆಯ ಹೆನ್ರಿಯಿಂದ ಅನುಮತಿ ಪಡೆದು ಹಳೆಯ ದೇವಾಲಯದ ಜಾಗದಲ್ಲಿ ಹೊಸದನ್ನು ಕಟ್ಟಲು ತೊಡಗಿದರು. ಹದಿನಾಲ್ಕನೆಯ ಶತಮಾನದ ಗೋಪುರವನ್ನು ಮಾತ್ರ ಹಾಗೆಯೇ ಉಳಿಸಿಕೊಂಡರು. ಮುಂದಿನ ಹಲವು ದಶಕಗಳಲ್ಲಿ ಸುಮಾರು 127 ಅಡಿ ಉದ್ದ, 54 ಅಡಿ ಅಗಲದ ದೇವಾಲಯ ಎದ್ದು ನಿಂತಿತು. ಆ ಕಾಲದಲ್ಲಿ ಊರಿನ ಜಮೀನ್ದಾರನಾಗಿದ್ದ ಜಾನ್ ಹಾಪ್ಟನ್‌ನಂಥ ಸಿರಿವಂತರ ಹಣವೂ, ಸಾಯುವ ಮುನ್ನ ಉಯಿಲಿನಲ್ಲಿ ಚರ್ಚಿಗೆಂದು ಒಂದಿಷ್ಟು ಬರೆದಿಟ್ಟ ಸಾಮಾನ್ಯರ ಹಣವೂ ಅದರಲ್ಲಿ ಕೂಡಿದೆ. 1478ರಲ್ಲಿ ತೀರಿಕೊಂಡ ಹಾಪ್ಟನ್‌ನ ಗೋರಿ ಬಲಿಪೀಠದ ಬದಿಯಲ್ಲಿಯೇ ಇದೆ.

ಚಕಮಕಿ ಕಲ್ಲಿನ ಗೋಡೆ

ಸಫೋಕ್‌ನಲ್ಲಿ ಕಟ್ಟಡಕ್ಕೆ ಯೋಗ್ಯವಾದ ಕಲ್ಲು ಸಿಗುವುದಿಲ್ಲ. ಸಿಗುವುದು ಚಕಮಕಿ ಕಲ್ಲು. ಹಿಡಿಯಷ್ಟು ದಪ್ಪದ, ಅಂಕುಡೊಂಕಾದ ಗಟ್ಟಿ ಉಂಡೆಗಳು. ಅದನ್ನು ಚೌಕವಾಗಿ ಕತ್ತರಿಸಿ ಮೂಲೆ ಕಟ್ಟಲು ಆಗದು. ಆದ್ದರಿಂದ ಗೋಡೆಯ ಮೈಯನ್ನು ಸುಣ್ಣದ ಗಾರೆಯಲ್ಲಿ ಚಕಮಕಿ ಉಂಡೆಗಳನ್ನು ಕೂರಿಸಿ ಕಟ್ಟಿ, ಮೂಲೆ, ಕಂಬ, ಕಿಟಕಿಗಳ ಚೌಕಟ್ಟುಗಳಿಗೆ ಮಾತ್ರ ಹೊರಗಿನಿಂದ ಹಣ ಕೊಟ್ಟು ತಂದ ಕಲ್ಲನ್ನು ಬಳಸಿದರು. ದೊಡ್ಡ ಕಿಟಕಿಗಳಿಗೆ ಈ ಬಡತನವೂ ಒಂದು ಪ್ರೇರಣೆಯಾಗಿರಬಹುದು ಎಂದು ನನಗೆ ತೋರುತ್ತದೆ. ಒಳ್ಳೆಯ ಕಲ್ಲು ಕಡಿಮೆಯಿದ್ದಲ್ಲಿ ಗೋಡೆಗಿಂತ ಬೆಳಕಿಗೆ ಹೆಚ್ಚು ಜಾಗ ಕೊಡುವುದು ಜಾಣತನವೇ.

ಚಕಮಕಿ ಕಲ್ಲನ್ನು ಒಡೆದರೆ ಒಳಗಿನ ಮುಖ ಗಾಜಿನಂತೆ ಕಪ್ಪಾಗಿ ಹೊಳೆಯುತ್ತದೆ. ಆ ಕಪ್ಪು ಮುಖವನ್ನು ಹೊರಕ್ಕೆ ಮಾಡಿ, ತೆಳುಬಣ್ಣದ ಕಲ್ಲಿನಲ್ಲಿ ಕೊರೆದ ವಿನ್ಯಾಸದೊಳಗೆ ಸಮತಟ್ಟಾಗಿ ಕೂರಿಸುವ ಕೈಚಳಕ ಪೂರ್ವ ಆಂಗ್ಲಿಯಾದ ಕಲ್ಲುಕುಟಿಗರದು. ಬ್ಲೈತ್‌ಬರ್ಗ್‌ನ ಪೂರ್ವದ ದೊಡ್ಡ ಕಿಟಕಿಯ ಕೆಳಗೆ ಹೊರಗೋಡೆಯಲ್ಲಿ ಹೀಗೆ ಮಾಡಿದ ಅಕ್ಷರಗಳ ಸಾಲೊಂದಿದೆ. ಒಂದೊಂದು ಅಕ್ಷರವೂ ಬಿಡಿ. ಅವು ಪರಮ ತ್ರಿತ್ವ, ಮಾತೆ ಮರಿಯ ಹಾಗೂ ಸಂತರನ್ನು ನೆನೆಯುವ ಲತೀನ್ ವಾಕ್ಯವೊಂದರ ಪದಗಳ ಮೊದಲಕ್ಷರಗಳೆಂದು ಓದಲಾಗಿದೆ. ಅದೇ ಪ್ರಾಂತ್ಯದ ಲಾಂಗ್ ಮೆಲ್‌ಫರ್ಡ್ ಚರ್ಚಿನಲ್ಲಿ ಇದೇ ತಂತ್ರದಿಂದ ದಾನಿಗಳ ಪೂರ್ಣ ಹೆಸರುಗಳನ್ನು ಗೋಡೆಯ ಉದ್ದಕ್ಕೂ ಬರೆಸಿದ್ದಾರೆ. ಎರಡನ್ನೂ ಹೋಲಿಸಿದಾಗ ಬ್ಲೈತ್‌ಬರ್ಗ್‌ನ ಸಂಕೋಚ ನನಗೆ ಹೆಚ್ಚು ಹಿಡಿಸುತ್ತದೆ. ಹೆಸರು ಕೆತ್ತಿಸುವ ಆಸೆ ಇಲ್ಲಿಯೂ ಇಲ್ಲದಿರಲಿಲ್ಲ ಎಂಬುದನ್ನು ಚಾವಣಿಯನ್ನು ನೋಡುವಾಗ ಕಾಣಲಿದ್ದೇವೆ.

ದಕ್ಷಿಣದ ಹೊರಭಾಗವೇ ಕಟ್ಟಡದ ಅತ್ಯಂತ ಸೊಗಸಾದ ಮುಖ. ಆಸರೆಗೋಡೆಗಳ ನೆತ್ತಿಯ ಮೇಲೆ ಕೆತ್ತಿದ ಮೂರ್ತಿಗಳು, ಅವುಗಳ ನಡುವೆ ಕಸೂತಿಯಂತೆ ತೂತು ತೂತಾಗಿ ಕೊರೆದ ಕಲ್ಲಿನ ಪ್ಯಾರಪೆಟ್. ಊರಿನ ಕಡೆಗಿದ್ದ ಮುಖಕ್ಕೆ ಈ ವೆಚ್ಚವೆಲ್ಲ ಸಂದಿದೆ; ಉತ್ತರದ ಮುಖ ಅಷ್ಟು ಸಿಂಗರಗೊಂಡಿಲ್ಲ. ಇನ್ನು ಗೋಪುರದ ಮಾತು. ಹೊಸ ದೇವಾಲಯದ ಮುಂದೆ ಅದು ಸಣ್ಣದಾಗಿ, ಒರಟಾಗಿ ಕಾಣುತ್ತದೆ. ಹಳೆಯದನ್ನು ಉಳಿಸಿಕೊಂಡ ಮಿತವ್ಯಯ ಮೆಚ್ಚತಕ್ಕದ್ದಾದರೂ ಗೋಪುರಕ್ಕೂ ದೇಹಕ್ಕೂ ಹೊಂದಿಕೆ ಸಾಲದು ಎಂಬುದನ್ನು ಒಪ್ಪಲೇಬೇಕು. ಹೊರಗಿನಿಂದ ನೋಡಿದಾಗ ಇದು ಪರಿಪೂರ್ಣ ಕೃತಿಯಲ್ಲ.

ಚಾವಣಿ ಮತ್ತು ದೇವದೂತರು

ಒಳಗೆ ಕಾಲಿಟ್ಟವರಿಗೆ ಮೊದಲು ಅನುಭವಕ್ಕೆ ಬರುವುದು ಬೆಳಕು. ಪಕ್ಕದ ಪಡಸಾಲೆಗಳಲ್ಲಿ ದೊಡ್ಡ ಕಿಟಕಿಗಳು; ಅವುಗಳ ಮೇಲೆ, ತೆಳುವಾದ ಕಂಬಗಳ ಸಾಲಿನ ನೆತ್ತಿಯಲ್ಲಿ, ಒಂದೊಂದು ಬದಿಗೆ ಹದಿನೆಂಟರಂತೆ ಮೇಲ್ಗಿಟಕಿಗಳು. ಕಮಾನುಗಳ ಸಂಖ್ಯೆಗೆ ಅಂಟಿಕೊಳ್ಳದೆ ಅವು ಒತ್ತೊತ್ತಾಗಿ ಸಾಗುವುದರಿಂದ ಮೇಲುಗೋಡೆಯೇ ಇಲ್ಲವೆಂಬ ಭಾವನೆ ಬರುತ್ತದೆ. ಗಾಜು ಬಹುಮಟ್ಟಿಗೆ ಬಣ್ಣವಿಲ್ಲದ್ದು. ಗೋಡೆಗೆ ಬಿಳಿ ಸುಣ್ಣ. ನೆಲದಲ್ಲಿ ಇಟ್ಟಿಗೆ ಮತ್ತು ಹಳೆಯ ಗೋರಿಗಲ್ಲುಗಳು. ಮರವೆಲ್ಲ ಬೂದಿಬಣ್ಣಕ್ಕೆ ತಿರುಗಿದ ಓಕ್.

ಈ ಬೆಳಕಿನ ಮೇಲೆ ಚಾವಣಿ ತೇಲುತ್ತದೆ. ಭಕ್ತರು ಕೂರುವ ನಡುಮಂಟಪದ ಪಶ್ಚಿಮ ತುದಿಯಿಂದ ಬಲಿಪೀಠದ ಮೇಲಿನವರೆಗೆ ಒಂದೇ ಚಾವಣಿ, ಎಲ್ಲಿಯೂ ತುಂಡಾಗದೆ ಹರಿಯುತ್ತದೆ. ಸಾಮಾನ್ಯವಾಗಿ ಬಲಿಪೀಠದ ಭಾಗಕ್ಕೆ ಬೇರೆ ಎತ್ತರ, ಬೇರೆ ಕಮಾನು ಇರುತ್ತದೆ. ಗುರುಗಳ ಭಾಗ ಇದು, ಜನರ ಭಾಗ ಅದು ಎಂದು ಕಟ್ಟಡವೇ ಗೆರೆ ಎಳೆಯುತ್ತದೆ. ಇಲ್ಲಿ ಚಾವಣಿ ಆ ಗೆರೆಯನ್ನು ಎಳೆಯದು. ರಚನೆಯ ದೃಷ್ಟಿಯಿಂದಲೂ ಇದೊಂದು ಸರಳವಾದ ಉಪಾಯ. ಎರಡು ಗೋಡೆಗಳ ನಡುವೆ ಅಡ್ಡಲಾಗಿ, ನಡುವಿನಲ್ಲಿ ತುಸು ಬಾಗಿ ಏರಿದ ದಪ್ಪ ತೊಲೆಗಳು. ಅವುಗಳ ಮೇಲೆ ತೀರ ಕಡಿಮೆ ಇಳಿಜಾರಿನ ಜಂತಿಗಳು. ಅಡ್ಡತೊಲೆ ಎರಡೂ ಗೋಡೆಗಳನ್ನು ಹಿಡಿದು ಕಟ್ಟುವುದರಿಂದ ಚಾವಣಿ ಗೋಡೆಯನ್ನು ಹೊರಕ್ಕೆ ತಳ್ಳುವುದು ಕಡಿಮೆಯಾಗುತ್ತದೆ. ಹಾಗಾಗಿಯೇ ಅಷ್ಟೊಂದು ಕಿಟಕಿ ಕೊರೆದ ತೆಳುಗೋಡೆ ಆ ಭಾರವನ್ನು ಹೊತ್ತು ನಿಲ್ಲಬಲ್ಲದು. ಬೆಳಕಿಗೂ ಚಾವಣಿಗೂ ಇರುವ ಈ ನಂಟನ್ನು ಅರಿತವರಿಗೆ ಅಲ್ಲಿಯ ಬೆಡಗು ಇಮ್ಮಡಿಯಾಗುತ್ತದೆ.

ಒಂದೊಂದು ತೊಲೆಯ ನಡುಮಧ್ಯದಲ್ಲಿ ಇಬ್ಬರು ದೇವದೂತರು, ಬೆನ್ನಿಗೆ ಬೆನ್ನು ತಾಗಿಸಿ. ಒಬ್ಬನ ಮುಖ ಪೂರ್ವಕ್ಕೆ, ಇನ್ನೊಬ್ಬನದು ಪಶ್ಚಿಮಕ್ಕೆ. ಅಗಲವಾಗಿ ಹರಡಿದ ರೆಕ್ಕೆಗಳು. ಕೈಯಲ್ಲಿ ಗುರಾಣಿ, ಅದರ ಮೇಲೆ ದಾನಿ ಮನೆತನಗಳ ಲಾಂಛನ. ದೇವದೂತರ ಚಾವಣಿ ಪೂರ್ವ ಆಂಗ್ಲಿಯಾದ ವಿಶೇಷ. ದೊರೆ ಎರಡನೆಯ ರಿಚರ್ಡ್ 1393ರಲ್ಲಿ ಆರಂಭಿಸಿದ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಸಭಾಂಗಣದ ಮಹಾಚಾವಣಿಯಲ್ಲಿ ಮರದ ದೇವದೂತರು ಕಾಣಿಸಿಕೊಂಡ ಮೇಲೆ, ಮುಂದಿನ ಶತಮಾನದಲ್ಲಿ ಅವರು ಈ ಭಾಗದ ಹಳ್ಳಿಹಳ್ಳಿಯ ಚರ್ಚುಗಳಿಗೆ ಬಂದು ನೆಲೆಸಿದರು. ಕೇಂಬ್ರಿಡ್ಜ್‌ಶೈರಿನ ಮಾರ್ಚ್ ಎಂಬ ಪಟ್ಟಣದ ಸಂತ ವೆಂಡ್ರೆಡಾ ಚರ್ಚಿನಲ್ಲಿ ನೂರಕ್ಕೂ ಹೆಚ್ಚು ದೇವದೂತರಿದ್ದಾರೆ. ಅಲ್ಲಿ ಬಡಗಿಯ ಚಾತುರ್ಯ ಕಣ್ಣು ಕೋರೈಸುತ್ತದೆ. ಚಾವಣಿಯೇ ರೆಕ್ಕೆಗಳ ಕಾಡು. ಬ್ಲೈತ್‌ಬರ್ಗ್‌ನಲ್ಲಿ ಉಳಿದವರು ಕೆಲವರೇ. ಆದರೆ ಒಬ್ಬೊಬ್ಬನ ಸುತ್ತಲೂ ಅವನಿಗೆಂದೇ ಒಂದಿಷ್ಟು ಖಾಲಿ ಜಾಗವಿದೆ. ಹಾರುವವನಿಗೆ ಬೇಕಾದದ್ದು ಅದೇ ಅಲ್ಲವೇ? ಮಾರ್ಚ್‌ನವರು ಸಂಖ್ಯೆಯಿಂದ ಸ್ವರ್ಗವನ್ನು ತೋರಿಸಿದರು, ಬ್ಲೈತ್‌ಬರ್ಗ್‌ನವರು ಅವಕಾಶದಿಂದ ತೋರಿಸಿದರು. ನನ್ನ ತೀರ್ಪು ಎರಡನೆಯವರ ಕಡೆಗೆ.

ಕಳೆದುಹೋದ ಬಣ್ಣ

ಇಷ್ಟು ಹೊಗಳಿದ ಮೇಲೆ ಒಂದು ಸತ್ಯವನ್ನು ಹೇಳಲೇಬೇಕು. ನಾವು ಮೆಚ್ಚಿದ ಆ ಬಿಳುಪು, ಆ ಬಯಲಿನಂಥ ತೆರವು, ಆ ಮೌನ ಇವು ಯಾವುವೂ ಹದಿನೈದನೆಯ ಶತಮಾನದ ಬ್ಲೈತ್‌ಬರ್ಗ್‌ನಲ್ಲಿ ಇರಲಿಲ್ಲ.

ಆ ಚಾವಣಿಯನ್ನು ಕತ್ತೆತ್ತಿ ಸಾವಧಾನವಾಗಿ ನೋಡಿದರೆ ಜಂತಿಗಳ ಮೇಲೆ ಮಾಸಿದ ಬಣ್ಣ ಕಾಣುತ್ತದೆ: ಬಿಳಿಯ ಹಿನ್ನೆಲೆಯಲ್ಲಿ ಕೆಂಪು, ಹಸಿರು ಹೂಗಳು, ಯೇಸುವಿನ ನಾಮದ ಪವಿತ್ರ ಅಕ್ಷರಗಳು. ದೇವದೂತರೂ ಬಣ್ಣ ತೊಟ್ಟವರೇ. ಕಿಟಕಿಗಳ ತುಂಬ ಸಂತರ ಚಿತ್ರಗಳಿದ್ದ ಬಣ್ಣದ ಗಾಜು. ಅದರ ಚೂರುಗಳು ಮಾತ್ರ ಈಗ ಕಿಟಕಿಯ ನೆತ್ತಿಗಳಲ್ಲಿ ಉಳಿದಿವೆ. ಜನರ ಭಾಗಕ್ಕೂ ಬಲಿಪೀಠಕ್ಕೂ ನಡುವೆ ಕೆತ್ತನೆಯ ಮರದ ತೆರೆ. ಅದರ ಮೇಲೆ ಶಿಲುಬೆಗೇರಿದ ಕ್ರಿಸ್ತರ ದೊಡ್ಡ ಪ್ರತಿಮೆ. ಚಾವಣಿ ಗೆರೆ ಎಳೆಯದಿದ್ದರೂ ಆ ತೆರೆ ಎಳೆದಿತ್ತು. ಪಕ್ಕದ ಪೀಠಗಳ ಮುಂದೆ ಉರಿಯುವ ಬತ್ತಿಗಳು, ಧೂಪದ ಹೊಗೆ. ಒಟ್ಟಿನಲ್ಲಿ ಅಂದಿನ ದೇವಾಲಯ ನಮ್ಮ ಊರಹಬ್ಬದ ದಿನದ ದೇವಾಲಯದಂತೆ ಬಣ್ಣ, ಬೆಳಕು, ಮೂರ್ತಿಗಳಿಂದ ತುಂಬಿ ತುಳುಕುತ್ತಿತ್ತು ಎಂದು ಊಹಿಸಿಕೊಂಡರೆ ತಪ್ಪಾಗದು.

ಅದೆಲ್ಲ ಹೋದದ್ದು ಹೇಗೆ? 1537ರಲ್ಲಿ ಮಠವನ್ನು ಮುಚ್ಚಿದರು. ಆರನೆಯ ಎಡ್ವರ್ಡನ ಆಳ್ವಿಕೆಯಲ್ಲಿ, ಅಂದರೆ 1547ರಿಂದ 1553ರ ನಡುವೆ, ಇಂಗ್ಲೆಂಡಿನಾದ್ಯಂತ ಚರ್ಚುಗಳಿಂದ ಪ್ರತಿಮೆಗಳನ್ನು ತೆಗೆಸಿ ಗೋಡೆಚಿತ್ರಗಳ ಮೇಲೆ ಸುಣ್ಣ ಬಳಿಸಿದರು. 1577ರ ಆಗಸ್ಟ್ 4ರ ಭಾನುವಾರ, ಆರಾಧನೆಯ ಹೊತ್ತಿನಲ್ಲಿಯೇ ಭಯಂಕರ ಸಿಡಿಲುಮಳೆ ಬಂದಿತು. ಗೋಪುರದ ಮೇಲಿದ್ದ ಶಿಖರ ಚಾವಣಿಯನ್ನು ಸೀಳಿಕೊಂಡು ಒಳಗೆ ಬಿದ್ದಿತು; ಸಾವುಗಳಾದವು. ಶಿಖರವನ್ನು ಮತ್ತೆ ಕಟ್ಟಲಿಲ್ಲ. ಕಪ್ಪು ನಾಯಿಯ ರೂಪದಲ್ಲಿ ಸೈತಾನನೇ ಬಂದನೆಂದೂ ಉತ್ತರ ಬಾಗಿಲಿನ ಮೇಲಿರುವ ಸುಟ್ಟ ಕಲೆಗಳು ಅವನ ಉಗುರಿನ ಗುರುತೆಂದೂ ಜನ ಕಥೆ ಕಟ್ಟಿದರು. ಇಂಗ್ಲೆಂಡಿನ ಹಳೆಯ ಮನೆ, ಚರ್ಚುಗಳ ಮರದ ಮೇಲೆ ಇಂಥದೇ ಕಲೆಗಳು ಬೇರೆಡೆಯೂ ಕಂಡುಬಂದಿವೆ. ಕೇಡಿನಿಂದ ಕಾಪಾಡಲೆಂದು ಜನರೇ ಮೇಣದ ಬತ್ತಿಯಿಂದ ಸುಟ್ಟ ಗುರುತುಗಳು ಅವು ಎಂಬ ವಿವರಣೆಯನ್ನು ಇಂದು ಹಲವು ವಿದ್ವಾಂಸರು ಕೊಡುತ್ತಾರೆ. ಹಾಗಿದ್ದರೆ, ಸೈತಾನನ ಉಗುರೆಂದು ತಲೆಮಾರುಗಳು ತೋರಿಸುತ್ತ ಬಂದದ್ದು ಯಾರೋ ಬಡ ಭಕ್ತನ ಅಂಜಿಕೆಯ ಪ್ರಾರ್ಥನೆಯಾಗಿರಬಹುದು.

ಆಮೇಲೆ ಬಂದವನು ವಿಲಿಯಂ ಡೌಸಿಂಗ್. ಅಂತರ್ಯುದ್ಧದ ಕಾಲದಲ್ಲಿ ಸಂಸತ್ತಿನ ಆಜ್ಞೆಯಂತೆ ಪೂರ್ವ ಆಂಗ್ಲಿಯಾದ ಚರ್ಚುಗಳಿಂದ ಪ್ರತಿಮೆ, ಚಿತ್ರಗಳನ್ನು ತೆಗೆಸುತ್ತ ಸಂಚರಿಸಿದವನು ಅವನು. 1644ರ ಏಪ್ರಿಲ್‌ನಲ್ಲಿ ಬ್ಲೈತ್‌ಬರ್ಗ್‌ಗೆ ಬಂದ. ತಾನು ಮಾಡಿದ್ದನ್ನೂ ಮಾಡಿಸಿದ್ದನ್ನೂ ಲೆಕ್ಕ ಬರೆದಿಟ್ಟಿದ್ದಾನೆ. ಇನ್ನೂರಕ್ಕೂ ಹೆಚ್ಚು ಚಿತ್ರಗಳನ್ನು ಎಂಟು ದಿನಗಳೊಳಗೆ ತೆಗೆಯಬೇಕೆಂದೂ ಇಪ್ಪತ್ತು ದೇವದೂತರನ್ನು ಕೆಳಗಿಳಿಸಬೇಕೆಂದೂ ಆಜ್ಞೆಯಿತ್ತ. ಗಾಜಿನ ಚಿತ್ರಗಳು ಬಹುಪಾಲು ಹೋದವು. ದೇವದೂತರು ಮಾತ್ರ ಇಳಿಯಲಿಲ್ಲ. ಅಷ್ಟು ಎತ್ತರಕ್ಕೆ ಏಣಿ ಕಟ್ಟುವ ಖರ್ಚನ್ನು ಊರಿನವರು ಮಾಡಲಾರದೆ ಹೋದರೋ, ಮಾಡಲು ಮನಸ್ಸಿಲ್ಲದೆ ಹೋದರೋ, ದೇವರೇ ಬಲ್ಲ.

ಗುಂಡು ಹಾರಿಸಿದವರು ಯಾರು?

ಇಲ್ಲಿ ಒಂದು ಪಾಠವಿದೆ. ದೇವದೂತರ ಮೈಯಲ್ಲಿಯೂ ಚಾವಣಿಯಲ್ಲಿಯೂ ಸೀಸದ ಗುಂಡುಗಳು ಹೊಕ್ಕ ತೂತುಗಳಿವೆ. ಇದು ಡೌಸಿಂಗನ ಕಡೆಯ ಪ್ಯೂರಿಟನ್ ಸೈನಿಕರ ಕೃತ್ಯವೆಂದು ಬಹುಕಾಲ ಎಲ್ಲರೂ ನಂಬಿದ್ದರು. ಕೆಳಗಿಳಿಸಲಾಗದ ದೇವದೂತರ ಮೇಲೆ ಸಿಟ್ಟಿನಿಂದ ಗುಂಡು ಹಾರಿಸಿದರು ಎಂಬ ಕಥೆ ಕೇಳಲೂ ಸೊಗಸಾಗಿತ್ತು. ಒಂದು ಪಂಗಡ ಇನ್ನೊಂದನ್ನು ದೂರಲು ಅನುಕೂಲವೂ ಆಗಿತ್ತು. 1970ರ ದಶಕದಲ್ಲಿ ಚಾವಣಿಯ ದುರಸ್ತಿ ನಡೆದಾಗ ಮರದಿಂದ ಹೊರತೆಗೆದ ಗುಂಡುಗಳನ್ನು ಪರೀಕ್ಷಿಸಿದರು. ಅವು ಹದಿನೆಂಟನೆಯ ಶತಮಾನದವು. ಆ ಕಾಲದ ಚರ್ಚಿನ ಲೆಕ್ಕಪುಸ್ತಕದಲ್ಲಿಯೇ ಉತ್ತರ ಬರೆದಿತ್ತು: ಒಳಗೆ ಸೇರಿಕೊಂಡಿದ್ದ ಜ್ಯಾಕ್‌ಡಾ ಎಂಬ ಕಾಗೆಜಾತಿಯ ಹಕ್ಕಿಗಳನ್ನು ಹೊಡೆಯಲು ಚರ್ಚಿನ ಮೇಲ್ವಿಚಾರಕರೇ ಹಣ ಕೊಟ್ಟಿದ್ದರು. ಹಕ್ಕಿಗೆ ಇಟ್ಟ ಗುರಿ ದೇವದೂತನಿಗೆ ತಾಗಿತು.

ಪ್ಯೂರಿಟನ್ನರು ನಿರಪರಾಧಿಗಳೆಂದು ಇದರಿಂದ ಹೇಳಿದಂತಾಗುವುದಿಲ್ಲ. ಒಡೆದುಹೋದ ಗಾಜಿನ ಲೆಕ್ಕ ಅವರದೇ ಬರಹದಲ್ಲಿದೆ. ಆದರೆ ಮಾಡದ ತಪ್ಪನ್ನು ಅವರ ಮೇಲೆ ಹೊರಿಸಿದ್ದು ಅನ್ಯಾಯ. ದೇವಾಲಯದ ಹಾನಿಗೆ ಹೊರಗಿನ ವೈರಿಯನ್ನು ಹುಡುಕುವ ನಾವು, ಮನೆಯವರ ಅಜಾಗರೂಕತೆಯನ್ನು ಕೊನೆಗೆ ನೋಡುತ್ತೇವೆ.

ದುರಸ್ತಿಯೋ, ರಕ್ಷಣೆಯೋ

ನದಿಯಲ್ಲಿ ಹೂಳು ತುಂಬಿತು, ಹಡಗುಗಳು ದೊಡ್ಡವಾದವು, ಬಂದರು ಬಡವಾಯಿತು. ಅದೇ ಕರಾವಳಿಯ ಎರಡು ನೆರೆಯೂರುಗಳು ಈ ಸಂಕಟಕ್ಕೆ ಕಂಡುಕೊಂಡ ಉತ್ತರ ಗಮನಾರ್ಹ. ಕವ್‌ಹೈತ್‌ನ ಜನ 1672ರಲ್ಲಿ ತಮ್ಮ ಬೃಹತ್ ಚರ್ಚನ್ನು ಪಾಳುಬಿಟ್ಟು ಅದರ ಗೋಡೆಗಳ ಒಳಗೇ ಹುಲ್ಲಿನ ಹೊದಿಕೆಯ ಪುಟ್ಟ ಚರ್ಚನ್ನು ಕಟ್ಟಿಕೊಂಡರು. ವಾಲ್ಬರ್ಸ್‌ವಿಕ್‌ನವರು 1695ರಲ್ಲಿ ಅನುಮತಿ ಪಡೆದು ಬಹುಭಾಗವನ್ನು ಕಳಚಿ, ದಕ್ಷಿಣದ ಪಡಸಾಲೆಯೊಂದನ್ನೇ ಚರ್ಚಾಗಿ ಉಳಿಸಿಕೊಂಡರು. ಬ್ಲೈತ್‌ಬರ್ಗ್‌ನವರು ಕಿರಿದುಗೊಳಿಸಲೂ ಇಲ್ಲ, ಸರಿಯಾಗಿ ನೋಡಿಕೊಳ್ಳಲೂ ಇಲ್ಲ. ಕಿಟಕಿ ಒಡೆದಲ್ಲಿ ಇಟ್ಟಿಗೆ ಇಟ್ಟು ಮುಚ್ಚಿದರು. ಮಳೆಗಾಲದಲ್ಲಿ ಭಕ್ತರು ಛತ್ರಿ ಬಿಡಿಸಿ ಕೂರುತ್ತಿದ್ದರೆಂದು ಹೇಳುತ್ತಾರೆ. ಕೊನೆಗೆ 1881ರ ಡಿಸೆಂಬರ್‌ನಲ್ಲಿ ಅಪಾಯಕರವೆಂದು ಚರ್ಚನ್ನೇ ಮುಚ್ಚಬೇಕಾಯಿತು.

ಆಗ ಎದ್ದ ವಾದ ಇಂದಿಗೂ ತಾಜಾ ಆಗಿದೆ. ವಿಕಾರರೂ ಊರಿನ ಸಮಿತಿಯೂ ಹಣ ಕೂಡಿಸಿ ಚರ್ಚನ್ನು ನವೀಕರಿಸಲು ಹೊರಟರು. ಕವಿ, ಕುಶಲಕರ್ಮಿ ವಿಲಿಯಂ ಮಾರಿಸ್ ಮೊದಲಾದವರು 1877ರಲ್ಲಿ ಸ್ಥಾಪಿಸಿದ್ದ ಪ್ರಾಚೀನ ಕಟ್ಟಡಗಳ ಸಂರಕ್ಷಣಾ ಸಂಘ ಅಡ್ಡಬಂದಿತು. ಸೋರುವುದನ್ನು ನಿಲ್ಲಿಸಿ, ಬೀಳುವುದಕ್ಕೆ ಆಸರೆ ಕೊಡಿ. ಹೋದದ್ದನ್ನು ಹೊಸದಾಗಿ ಮಾಡಿ ಹಳೆಯದರಂತೆ ತೋರಿಸಬೇಡಿ ಎಂಬುದು ಸಂಘದ ತತ್ತ್ವ. ಆರಾಧನೆ ನಡೆಯಬೇಕಾದ ಮನೆಯನ್ನು ಪ್ರದರ್ಶನದ ವಸ್ತುವಾಗಿ ಇಡಲಾಗದು ಎಂಬುದು ಊರಿನವರ ಅಳಲು. 1884ರ ಹೊತ್ತಿಗೆ ಬಾಗಿಲು ಮತ್ತೆ ತೆರೆದರೂ ವಾದ 1906ರವರೆಗೆ, ಇಪ್ಪತ್ತೈದು ವರ್ಷ, ಎಳೆಯಿತು.

ಇಬ್ಬರಲ್ಲಿ ಯಾರು ಸರಿ? ಸೋರುವ ಚಾವಣಿಯ ಕೆಳಗೆ ಮಕ್ಕಳನ್ನು ಕೂರಿಸಿಕೊಂಡು ಪ್ರಾರ್ಥಿಸುವವರ ಕಷ್ಟ ದೂರದ ರಸಿಕರಿಗೆ ಪೂರ್ತಿ ಅರ್ಥವಾಗದು. ಆ ಮಟ್ಟಿಗೆ ನನ್ನ ಸಹಾನುಭೂತಿ ವಿಕಾರರಿಗೆ. ಆದರೆ ಆ ಶತಮಾನದಲ್ಲಿ ಹಣವಿದ್ದ ಊರುಗಳು ತಮ್ಮ ಚರ್ಚುಗಳನ್ನು ಹೇಗೆ ‘ಸುಧಾರಿಸಿದವು’ ಎಂಬುದನ್ನು ನೋಡಿದರೆ ಸಂಘದ ಅಂಜಿಕೆಯೂ ಸಕಾರಣವೇ. ಹಳೆಯ ಗಾರೆಯನ್ನು ಕೆರೆದು, ಹಳೆಯ ಬೆಂಚುಗಳನ್ನು ಎಸೆದು, ನುಣುಪಾದ ಹೊಸ ನೆಲ ಹಾಸಿದ ಚರ್ಚುಗಳು ಸಫೋಕ್‌ನಲ್ಲಿಯೇ ಎಷ್ಟೋ ಇವೆ. ಹಣದ ಕೊರತೆ ಮತ್ತು ಎರಡೂ ಕಡೆಯ ಹಟಮಾರಿತನ ಕೂಡಿ ಬ್ಲೈತ್‌ಬರ್ಗ್‌ನಲ್ಲಿ ಕೆಲಸ ನಿಧಾನವಾಗಿ, ತುಂಡುತುಂಡಾಗಿ ನಡೆಯಿತು. ಅದರಿಂದಲೇ ಹಳೆಯ ಮರ, ಹಳೆಯ ನೆಲ, ಮಾಸಿದ ಬಣ್ಣ ಉಳಿದವು. ಯಾರೊಬ್ಬರೂ ಗೆಲ್ಲದ ಜಗಳದಿಂದ ದೇವಾಲಯಕ್ಕೆ ಒಳಿತಾಯಿತು ಎನ್ನಬೇಕು.

ಬೆಂಚಿನ ತುದಿಯ ಉಪದೇಶ

ತಲೆಯೆತ್ತಿ ನೋಡಿ ಕತ್ತು ನೋಯುವ ಹೊತ್ತಿಗೆ ಕೈ ಬೆಂಚಿನ ತುದಿಯನ್ನು ಹಿಡಿದಿರುತ್ತದೆ. ಅಲ್ಲಿಯೂ ಕೆತ್ತನೆಗಳಿವೆ, ಹದಿನೈದನೆಯ ಶತಮಾನದವು. ಮಾನವರ ಮಹಾಪಾಪಗಳು ಅಲ್ಲಿ ಮೊಣಕೈ ಎತ್ತರದಲ್ಲಿ ಕುಳಿತಿವೆ. ಸೋಮಾರಿತನ ಹಾಸಿಗೆಯಲ್ಲಿ ಎದ್ದು ಕುಳಿತಿದೆ, ಇಳಿಯುವ ಮನಸ್ಸಿಲ್ಲ. ಹೊಟ್ಟೆಬಾಕತನ ತನ್ನ ಹೊಟ್ಟೆಯನ್ನು ಎರಡೂ ಕೈಗಳಿಂದ ತಬ್ಬಿದೆ. ಲೋಭ ಹಣದ ಪೆಟ್ಟಿಗೆಯ ಮೇಲೆ ಕುಳಿತಿದೆ. ಚಾಡಿಕೋರನ ನಾಲಗೆ ಹೊರಗಿದೆ. ಕಪಟಿ ಕೈಮುಗಿದಿದ್ದಾನೆ, ಕಣ್ಣು ಮಾತ್ರ ತೆರೆದೇ ಇದೆ. ವಾಸ್ತುವಿನ ಜಾಣತನ ಇಲ್ಲಿದೆ: ಸ್ವರ್ಗವನ್ನು ಕೈಗೆಟುಕದ ಎತ್ತರದಲ್ಲಿಟ್ಟು, ಪಾಪಗಳನ್ನು ಕೈಗೆ ಸಿಗುವಂತೆ ಇಟ್ಟರು. ಬಂದು ಕುಳಿತವನು ಮೊದಲು ಮುಟ್ಟುವುದು ತನ್ನದೇ ದೌರ್ಬಲ್ಯವನ್ನು. ಕುರುಚಲು ಒರಟುತನದ ಕೆತ್ತನೆಗಳು ಇವು, ಕಲಾಕೃತಿಗಳಾಗಿ ಉತ್ತಮೋತ್ತಮವಲ್ಲ. ಆದರೆ ಉಪದೇಶವಾಗಿ ಇವನ್ನು ಮೀರಿಸುವುದು ಕಷ್ಟ.

ಬಲಿಪೀಠದ ಬಳಿಯ ಗಾಯಕರ ಆಸನಗಳ ಮುಂಭಾಗದಲ್ಲಿ ಪ್ರೇಷಿತರ ಮೂರ್ತಿಗಳಿವೆ. ಈ ಆಸನಗಳು ಒಂದು ಕಾಲದಲ್ಲಿ ಶಾಲೆಯ ಮೇಜುಗಳಾಗಿದ್ದವು; ಮಸಿಕುಡಿಕೆ ಇಡಲು ಕೊರೆದ ಗುಳಿಗಳು ಇನ್ನೂ ಇವೆ. ಡಿರ್ಕ್ ಎಂಬ ಹನ್ನೆರಡು ವರ್ಷದ ಹುಡುಗ 1665ರಲ್ಲಿ ತನ್ನ ಹೆಸರನ್ನು ಅಲ್ಲಿ ಕೆತ್ತಿ ಹೋಗಿದ್ದಾನೆ. ಇನ್ನೊಂದೆಡೆ 1682ರ ಮರದ ಬೊಂಬೆಯೊಂದು ಗಂಟೆ ಬಾರಿಸಲು ಕೈಯೆತ್ತಿ ನಿಂತಿದೆ. ಆರಾಧನೆ ಆರಂಭವಾಗುವುದನ್ನು ಸಾರುವುದು ಅದರ ಕೆಲಸ. 1969ರ ಜೂನ್ 7ರ ರಾತ್ರಿ ಸಮೀಪದ ಸ್ನೇಪ್‌ನಲ್ಲಿದ್ದ ಸಂಗೀತ ಸಭಾಂಗಣ ಬೆಂಕಿಗೆ ಆಹುತಿಯಾದಾಗ, ಸಂಗೀತಕಾರ ಬೆಂಜಮಿನ್ ಬ್ರಿಟನ್ನರ ಉತ್ಸವಕ್ಕೆ ಜಾಗ ಕೊಟ್ಟದ್ದೂ ಈ ಚರ್ಚೇ. ಮೋತ್ಸಾರ್ಟನ ‘ಇದೊಮೆನೆಯೊ’ ಆ ದೇವದೂತರ ಕೆಳಗೆ ನಡೆಯಿತು. ಬಲಿಪೂಜೆಗೆಂದು ಕಟ್ಟಿದ ಮನೆ ಮುಂದೆ ಶಾಲೆಯಾಯಿತು, ಹಕ್ಕಿಗೂಡಾಯಿತು, ಆಪತ್ತಿನಲ್ಲಿ ನೆರೆಯವರಿಗೆ ಚಾವಡಿಯಾಯಿತು. ಇಷ್ಟೆಲ್ಲಕ್ಕೂ ಒದಗಿಬಂದ ಕಟ್ಟಡವನ್ನು ಒಳ್ಳೆಯ ವಾಸ್ತು ಎಂದು ಕರೆಯಲು ನನಗೆ ಹಿಂಜರಿಕೆಯಿಲ್ಲ.

ಕೊನೆಯ ಮಾತು

ಹಾಗಾದರೆ ಬ್ಲೈತ್‌ಬರ್ಗ್‌ನ ಇಂದಿನ ಚೆಲುವು ಯಾರದು? ಕಟ್ಟಿದವರದೇ, ಕೆಡವಿದವರದೇ, ಅಲಕ್ಷಿಸಿದವರದೇ? ಕಂಬ, ಕಿಟಕಿ, ತೊಲೆಗಳ ಪ್ರಮಾಣ ಕಟ್ಟಿದವರದು. ಎಲ್ಲ ಬಣ್ಣ ಕಳೆದ ಮೇಲೂ ಉಳಿದದ್ದು ಈ ಪ್ರಮಾಣ. ಅಲಂಕಾರದಿಂದಲೇ ನಿಂತ ಕಟ್ಟಡವಾಗಿದ್ದರೆ ಡೌಸಿಂಗ್ ಬಂದು ಹೋದ ಮರುದಿನವೇ ಅದು ಸತ್ತಿರುತ್ತಿತ್ತು. ಆದರೆ ಈ ಬಿಳುಪನ್ನು ಮೆಚ್ಚುವ ಭರದಲ್ಲಿ ಅದು ಗಾಯದ ಬಿಳುಪೆಂಬುದನ್ನು ಮರೆಯಬಾರದು. ಜ್ಞಾನಸ್ನಾನದ ತೊಟ್ಟಿಯ ಸುತ್ತಲಿನ ಕೆತ್ತನೆಗಳನ್ನು ಯಾರೋ ಉಳಿಯಿಂದ ಕೆತ್ತಿಹಾಕಿದ್ದಾರೆ; ಅದನ್ನು ಸರಳತೆಯ ಸೊಬಗು ಎನ್ನಲಾದೀತೇ? ಚೆಲುವನ್ನು ಒಪ್ಪಿಕೊಂಡು ನಷ್ಟಕ್ಕೂ ಮರುಗುವುದು ಪ್ರಾಮಾಣಿಕ ನೋಟ.

ನಮ್ಮ ಧರ್ಮಕೇಂದ್ರಗಳಲ್ಲಿಯೂ ಹಳೆಯ ದೇವಾಲಯ ಸಾಲದೆ ಬಂದಾಗ, ಸೋರಿದಾಗ, ಬಿರುಕು ಬಿಟ್ಟಾಗ ಇದೇ ವಾದ ಏಳುತ್ತದೆ. ಕೆಡವಿ ಕಟ್ಟೋಣ ಎನ್ನುವವರಿಗೂ, ಕೈ ಮುಟ್ಟಿಸಬೇಡಿ ಎನ್ನುವವರಿಗೂ ಅವರವರ ಪ್ರೀತಿಯೇ ಕಾರಣ. ಇಂಥ ಹೊತ್ತಿನಲ್ಲಿ ಕೂತು ಮಾತಾಡುವ ಮುನ್ನ ಒಂದು ದಿನ ಎಲ್ಲರೂ ಖಾಲಿ ದೇವಾಲಯದಲ್ಲಿ ಸ್ವಲ್ಪ ಹೊತ್ತು ಕುಳಿತು ಸುಮ್ಮನೆ ನೋಡಿದರೆ ಒಳ್ಳೆಯದು. ಬೆಳಕು ಎಲ್ಲಿಂದ ಬರುತ್ತದೆ, ಭಾರವನ್ನು ಯಾವುದು ಹೊತ್ತಿದೆ, ನಮ್ಮ ಅಜ್ಜ ಅಜ್ಜಿಯರ ಕೈ ಸೋಕಿ ನುಣುಪಾದ ಮರ ಯಾವುದು ಎಂಬುದನ್ನು ತಿಳಿದ ಮೇಲೆ ಮಾತಾಡಬಹುದು. ಬ್ಲೈತ್‌ಬರ್ಗ್‌ನ ದೇವದೂತರು ಆರುನೂರು ವರ್ಷಗಳಷ್ಟು ಕಾಲದಿಂದ ಮೇಲಿಂದ ನೋಡುತ್ತಲೇ ಇದ್ದಾರೆ. ಅವರ ರೆಕ್ಕೆಗಳಲ್ಲಿ ಇಂದಿಗೂ ಗುಂಡಿನ ತೂತುಗಳಿವೆ, ಕೆಳಗೆ ಭಾನುವಾರದ ಆರಾಧನೆ ಇಂದಿಗೂ ನಡೆಯುತ್ತಿದೆ.